ಬಿಸಿಲಿಗೆ ಕೊಡದ ಗೊಬ್ಬರ

ನಮ್ಮ ಕಮಲಾಪುರದಲ್ಲಿ ರೈತನ ದೊಡ್ಡಸ್ತಿಕೆಯನ್ನು ಮೂಗಿನಿಂದ ಅಳೆಯುತ್ತಿದ್ದರು. ಯುಗಾದಿ ಮುಗಿದ ಮೇಲೆ ಬರುವ ಮೊದಲ ಗುರುವಾರ ಊರಿನ ತಿಪ್ಪೆಗಳೆಲ್ಲ ಬಾಯಿ ತೆರೆಯುತ್ತಿದ್ದವು. ಗೊಬ್ಬರ ಬಂಡಿ ಏರಿ ಹೊಲಕ್ಕೆ ಹೋಗಿ, ಸಾಲುಸಾಲಾಗಿ ಗುಪ್ಪೆಗಳಾಗಿ ಕೂತು, ಆಮೇಲೆ ಮೈಚೆಲ್ಲಿಕೊಂಡು, ಮಳೆ ಬರುವ ತನಕ ಬಿಸಿಲಲ್ಲೇ ಮಲಗಿರುತ್ತಿತ್ತು. ಇದಕ್ಕೆ ‘ಗೊಬ್ಬರಕ್ಕೆ ಬಿಸಿಲು ಉಣಿಸುವುದು’ ಎಂದು ಹೆಸರು. ಯಾರ ಹೊಲದ ವಾಸನೆ ಊರ ಅಗಸಿ ಬಾಗಿಲ ತನಕ ಬಂದು ಕಣ್ಣು ಉರಿಸುತ್ತದೋ ಅವನೇ ಆ ವರ್ಷದ ಗಂಡಸು. ನಮ್ಮ ಅಣವೀರಪ್ಪ ಕಾಕಾನ ಹೊಲದ ವಾಸನೆ ಅಗಸಿ ದಾಟಿ ಮಠದ ಕಟ್ಟೆಯವರೆಗೂ ಬರುತ್ತಿತ್ತು. ಕಟ್ಟೆಯ ಮೇಲೆ ಕೂತ ಹಿರಿಯರು ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ. ಕಣ್ಣೊರೆಸಿಕೊಂಡು ತಲೆದೂಗುತ್ತಿದ್ದರು.

ಇದು ನಿಜಾಮರ ಆಳ್ವಿಕೆಯ ಫಸಲಿ ವರ್ಷ ಸಾವಿರದ ಮುನ್ನೂರ ಮೂವತ್ತೆರಡರ ಮಾತು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವ್ವ ನಾನು ತೊಟ್ಟಿಲಲ್ಲಿದ್ದಾಗಲೇ ಹೋಗಿದ್ದಳು. ಮನೆಯಲ್ಲಿ ಉಳಿದವರು ಅಪ್ಪನ ತಾಯಿ ಚಂದಮ್ಮ, ನಾನು, ಎರಡು ಎತ್ತು, ಒಂದು ಎಮ್ಮೆ. ಆಕೆಯನ್ನು ನಾನು ಆಯಿ ಎನ್ನುತ್ತಿದ್ದೆ. ಗುಡ್ಡದ ಮಗ್ಗುಲಿಗೆ ನಮ್ಮದು ಎರಡೆಕರೆ ಕೆಂಪು ಹೊಲ. ನಡುವೆ ಒಂದು ಬದು. ಬದುವಿನ ಆಚೆ ಕಾಕಾನ ಹೊಲ. ಕಾಕಾ ಎಂದರೆ ಅಪ್ಪನ ಚಿಕ್ಕಪ್ಪನ ಮಗ.

ಆ ಚಳಿಗಾಲದಲ್ಲಿ ಕಾಕಾ ಊರಿನ ಕಂದಾಯ ನೋಡುವ ಮಾಲಿಪಾಟೀಲ ದೇವೀಂದ್ರಪ್ಪನವರನ್ನು ಕರೆದುಕೊಂಡು ನಮ್ಮ ಅಂಗಳಕ್ಕೆ ಬಂದ.

“ದೊಡ್ಡವ್ವ, ನೀ ಮುದುಕಿ, ಇಕಿ ಇನ್ನಾ ಹುಡಿಗಿ. ಹೊಲ ಬಡಕಲಾಗ್ಯಾದ. ನನ್ನ ಕೈಯಾಗ ಕೊಡ್ರಿ. ವರ್ಷದ ಜ್ವಾಳ ನಿಮ್ಮ ಮನಿಗಿ ತಂದು ಹಾಕ್ತೀನಿ. ಕೂತು ಉಣ್ರಿ.”

“ಕೂತು ಉಣ್ಣಾಕ ನಮ್ಮ ಕಾಲೇನು ಮುರದಾವೇನೋ ಅಣವೀರ?” ಎಂದಳು ಆಯಿ.

“ಕಾಲು ಮುರದಿಲ್ಲ. ಹೊಲ ಮುರದದ.”

ಪಾಟೀಲರು ಮೀಸೆ ತಿರುವುತ್ತ ಬಹಳ ಹೊತ್ತು ಎಮ್ಮೆಯನ್ನೇ ನೋಡಿದರು. ಕೊನೆಗೆ, “ಒಂದು ಬೆಳಿ ನೋಡಾಮು,” ಎಂದರು. “ಮುಂಗಾರಿ ಜ್ವಾಳ ತೆನಿ ಹಿಡದಾಗ ನಾ ಬಂದು ಬದುವಿನ ಮ್ಯಾಲ ನಿಂದರ್ತೀನಿ. ನಿಮ್ಮ ಜ್ವಾಳ ಅವನ ಜ್ವಾಳದ ಹೆಗಲಿಗಿ ಬಂದಿದ್ರ ಹೊಲ ನಿಮ್ಮದು. ಬರಲಿಲ್ಲಂದ್ರ ಅವ ಮಾಡ್ಲಿ. ಆತಿಲ್ಲೊ?”

ಆಯಿ ನನ್ನ ಮುಖ ನೋಡಿದಳು. ನಾನು “ಆತ್ರಿ” ಎಂದೆ. ಅಂದ ಮೇಲೆ ಲೆಕ್ಕ ಹಾಕಿದೆ. ಕಾಕಾನ ಎರಡೆಕರೆಗೆ ಬೀಳುವುದು ಮೂವತ್ತು ಬಂಡಿ ಗೊಬ್ಬರ. ನಮ್ಮ ತಿಪ್ಪೆಯನ್ನು ಕೆರೆದು ಬಳಿದರೂ ಹನ್ನೆರಡು ದಾಟುವುದಿಲ್ಲ. ಅಪ್ಪ ಇದ್ದಾಗಲೂ ನಮ್ಮ ಜೋಳ ಅವನ ಜೋಳದ ಸೊಂಟಕ್ಕಷ್ಟೇ ಬರುತ್ತಿತ್ತು.

ತಿಪ್ಪೆ ಎಂದರೆ ನನಗೆ ಮೊದಲಿನಿಂದಲೂ ಆಯಿಯ ಕಥೆ ನೆನಪಾಗುತ್ತದೆ. ಎಲ್ಲಾ ತಿಪ್ಪೆಗಳಲ್ಲೂ ಒಂದು ಹಕ್ಕಿ ಇರುತ್ತದಂತೆ. ಅದಕ್ಕೆ ಬಣ್ಣವಿಲ್ಲ, ದನಿಯಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಕಣ್ಣೀರಿಗಷ್ಟೇ ಕಾಣುತ್ತದೆ. ಒಬ್ಬ ರಾಜ ತನ್ನ ತಿಪ್ಪೆಯ ಸಿರಿಯನ್ನು ಲೋಕಕ್ಕೆ ತೋರಿಸಬೇಕೆಂದು ನಡುಮಧ್ಯಾಹ್ನ ಅದನ್ನು ಬಗೆಸಿದನಂತೆ. ಹಕ್ಕಿ ಪುರ್ರನೆ ಹಾರಿತಂತೆ. ರೆಕ್ಕೆಯ ಗಾಳಿ ತಾಗಿ ರಾಜ್ಯಕ್ಕೆ ರಾಜ್ಯವೇ ಕಣ್ಣೊರೆಸಿಕೊಂಡಿತಂತೆ. ಆ ವರ್ಷ ಬೆಳೆಯೆಲ್ಲ ಅರಿಶಿನ ಬಳಿದ ಹಾಗೆ ಹಳದಿಯಾಯಿತಂತೆ. ರಾಜನ ಕಿರಿಸೊಸೆ ಹಕ್ಕಿಯನ್ನು ಹಿಡಿದು ತರುತ್ತೇನೆಂದು ಏಳು ಗುಡ್ಡ ದಾಟಿ ಹೋದಳಂತೆ. ಅಷ್ಟರಲ್ಲಿ ನನಗೆ ನಿದ್ದೆ ಬರುತ್ತಿತ್ತು. ಹದಿನೆಂಟು ತುಂಬಿದರೂ ಆಕೆ ಹಕ್ಕಿಯನ್ನು ಹೇಗೆ ಹಿಡಿದಳೆಂದು ನನಗೆ ಗೊತ್ತಿರಲಿಲ್ಲ.

ಆ ತಿಂಗಳ ಕೊನೆಗೆ ಒಂದು ಬಂಡಿ ಕಣಕಿ, ಅಂದರೆ ಜೋಳದ ಒಣ ದಂಟಿನ ಮೇವು, ಮಾರಲು ಆಯಿ, ನಾನು, ಆಳು ಮರೆಪ್ಪ ಮೂವರೂ ಕಲಬುರಗಿಗೆ ಹೊರಟೆವು. ಮರೆಪ್ಪ ಮೊದಲಿನಿಂದ ಎರಡೂ ಮನೆಯ ಆಳು. ವಾರದಲ್ಲಿ ನಾಲ್ಕು ದಿನ ಕಾಕಾನಿಗೆ, ಮೂರು ದಿನ ನಮಗೆ. ದಾರಿಯಲ್ಲಿ ನಾನು ಕೇಳಿದೆ:

“ಆಯಿ, ಆ ಸೊಸಿ ಹಕ್ಕಿ ಹೆಂಗ ಹಿಡದ್ಳು?”

ಆಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. “ಯಾರಿಗಿ ಗೊತ್ತವ್ವ. ನಮ್ಮಾಯಿ ಹೇಳಾಗ ನಾನೂ ಅಲ್ಲೇ ನಿದ್ದಿ ಹೋಗ್ತಿದ್ದೆ.”

ಮರೆಪ್ಪ ಬಂಡಿಯ ಮೂಕಿಯ ಮೇಲೆ ಕೂತು ಬಿದ್ದು ಬಿದ್ದು ನಕ್ಕ. ನನಗೆ ಸಿಟ್ಟು ಬಂತು. ಏಳು ಗುಡ್ಡ ದಾಟಿದವಳನ್ನು ಇಬ್ಬರು ಮುದುಕಿಯರು ಸೇರಿ ದಾರಿಯಲ್ಲೇ ಬಿಟ್ಟುಬಿಟ್ಟಿದ್ದರು.

ನಮ್ಮ ಕಣಕಿ ಪ್ರತಿ ವರ್ಷ ಹೋಗುತ್ತಿದ್ದುದು ಮೋಮಿನಪುರದ ಮಲಂಗಸಾಬನಿಗೆ. ಕೋಟೆಯ ಕಂದಕದ ಮಗ್ಗುಲಿಗೆ ಹಾದು ಅವನ ಓಣಿ ಹೊಕ್ಕರೆ ಮೊದಲು ಕುದುರೆಗಳ ಕೆನೆತ, ಆಮೇಲೆ ಅವನ ಬೈಗುಳ ಕೇಳುತ್ತಿತ್ತು. ಸ್ಟೇಶನ್ನಿಗೆ ಹೋಗುವ ಟಾಂಗಾಗಳಲ್ಲಿ ಮೂರು ಅವನವು, ಕುದುರೆ ಆರು. ಮರೆಪ್ಪ ಕಣಕಿ ಇಳಿಸುತ್ತಿದ್ದಾಗ ನಾನು ಲಾಯದೊಳಗೆ ಹೋದೆ. ಎಡಗಡೆಯ ಸಾಲಿಗೆ ಕಾಲಿಟ್ಟದ್ದೇ ಕಣ್ಣು ಚುರ್ರೆಂದು ಉರಿದು ನೀರು ಸುರಿಯಿತು. ಬಲಗಡೆಗೆ ಓಡಿದೆ. ಅಲ್ಲಿಯೂ ಮೂರು ಕುದುರೆ ಇದ್ದವು, ಅಲ್ಲಿಯೂ ಲದ್ದಿ ಇತ್ತು. ಆದರೆ ಉರಿ ಇರಲಿಲ್ಲ.

“ಚಾಚಾ, ಆ ಕಡಿ ಕಣ್ಣು ಉರೀತದ, ಈ ಕಡಿ ಯಾಕ ಉರಿಯಲ್ಲ?”

“ಆ ಕಡಿ ಇನ್ನಾ ಮಣ್ಣು ಹಾಕಿಲ್ಲ ಬೇಟಿ,” ಎಂದ ಮಲಂಗಸಾಬ. “ಉಚ್ಚಿ ಹೊಯ್ದಲ್ಲಿ ಒಣ ಮಣ್ಣು ಹಾಕಬೇಕು. ಆ ಖಾರ ಮಣ್ಣಿನ ಹೊಟ್ಟಿಗಿ ಇಳೀತದ. ಹಾಕಲಿಲ್ಲಂದ್ರ ಕುದರಿ ಕಣ್ಣಿಗಿ ಏರ್ತದ. ನಮ್ಮ ಅಬ್ಬಾನ ಕುದರಿ ಹಂಗೇ ಕುರುಡಾತು.”

“ಆ ಮಣ್ಣು ಮತ್ತ ಏನ್ ಮಾಡ್ತೀರಿ?”

“ಹಿತ್ತಲಕ್ಕ ಒಗೀತೀನಿ. ಬಾ, ನೋಡು.”

ಹಿತ್ತಲಲ್ಲಿ ಆ ಮಣ್ಣಿನ ಗುಡ್ಡೆಯ ಮೇಲೆ ಒಂದು ಕುಂಬಳದ ಬಳ್ಳಿ ಹಬ್ಬಿತ್ತು. ಎಲೆಗಳು ಒಂದೊಂದೂ ಮೊರದಷ್ಟು ಅಗಲ. ಹಸಿರು ಎಷ್ಟು ಗಾಢವಾಗಿತ್ತೆಂದರೆ ನೆರಳಿನಲ್ಲಿ ಕಪ್ಪಾಗಿ ಕಾಣುತ್ತಿತ್ತು. ಗೋಡೆ ಹತ್ತಿ ಪಕ್ಕದ ಮನೆಯ ಮಾಳಿಗೆಗೂ ಇಳಿದಿತ್ತು.

“ಇದಕ್ಕ ಯಾರೂ ಬೀಜಾ ಹಾಕಿಲ್ಲ, ಯಾರೂ ಗೊಬ್ಬರಾ ಹಾಕಿಲ್ಲ. ಎಲ್ಲಾ ಖುದಾನ ಮೆಹರಬಾನಿ,” ಎಂದ ಮಲಂಗಸಾಬ.

ನಾನು ಗುಡ್ಡೆಯಿಂದ ಒಂದು ಹಿಡಿ ಮಣ್ಣು ತೆಗೆದು ಮೂಸಿ ನೋಡಿದೆ. ವಾಸನೆ ಇರಲಿಲ್ಲ. ಹಕ್ಕಿ ಎಲ್ಲಿಗೂ ಹೋಗಿರಲಿಲ್ಲ. ಇಲ್ಲೇ ಮಣ್ಣು ಹೊದ್ದು ಕೂತಿತ್ತು. ಹಾಗಾದರೆ ಊರ ಅಗಸಿಯಲ್ಲಿ ನಾವು ಕಣ್ಣೊರೆಸಿಕೊಂಡು ಮೆಚ್ಚುತ್ತಿದ್ದ ಆ ವಾಸನೆ ಯಾವುದು? ಹಾರಿಹೋಗುವ ಹಕ್ಕಿಯ ರೆಕ್ಕೆಯ ಗಾಳಿ! ಇಷ್ಟು ವರ್ಷ ಊರಿಗೆ ಊರೇ ಹೊಲದ ಸತ್ವವನ್ನು ಆಕಾಶಕ್ಕೆ ಬಿಟ್ಟು, ಅದು ಹೋಗುವ ಸದ್ದನ್ನು ಹಬ್ಬದ ಹಲಗೆಯ ಬಡಿತವೆಂದು ಕೇಳುತ್ತಿತ್ತು.

ಊರಿಗೆ ಬಂದವಳೇ ಸಂಜೆಯ ಹೊತ್ತು ಗುಡ್ಡದಿಂದ ಒಣ ಕೆಂಪು ಮಣ್ಣು ತಂದು ದನದ ಕೊಟ್ಟಿಗೆಯಲ್ಲಿ ಹಾಸಿದೆ. ಬೆಳಿಗ್ಗೆ ಆ ಹಸಿ ಮಣ್ಣನ್ನು ಸಗಣಿಯೊಂದಿಗೆ ಬಳಿದು ತಿಪ್ಪೆಯ ಕುಣಿಗೆ ಹಾಕಿ, ಮೇಲೆ ಮತ್ತೆ ಒಂದು ಬೆರಳು ದಪ್ಪ ಮಣ್ಣು ಮುಚ್ಚಿದೆ. ದಿನವೂ ಹೀಗೆಯೇ. ಇಷ್ಟು ದಿನ ನೆಲ ಕುಡಿದು ಕೊಚ್ಚೆಯಾಗಿ ಹರಿದುಹೋಗುತ್ತಿದ್ದ ದನದ ಉಚ್ಚೆಯೂ ಈಗ ಕುಣಿ ಸೇರುತ್ತಿತ್ತು.

ಓಣಿಯ ಹೆಂಗಸರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ. ಎದುರು ಮನೆಯ ಭೀಮಬಾಯಿ, ನನಗಿಂತ ಹತ್ತು ವರ್ಷ ದೊಡ್ಡವಳು, ಗಂಡ ಸತ್ತ ಮೇಲೆ ಮೈದುನರ ಹೊಲದಲ್ಲಿ ದುಡಿಯುವವಳು, ಬಾಗಿಲಲ್ಲಿ ನಿಂತು ಕೂಗಿದಳು:

“ಏನವ್ವ ರೇವಮ್ಮ, ದಿನಾ ಸಂಜೀಕ ಎಮ್ಮಿಗಿ ಹಾಸಗಿ ಹಾಸ್ತಿ! ನಾಳಿಗಿ ಗಂಡ ಬಂದ್ರ ಅವಗೇನು ಹಾಸ್ತಿ?”

“ಅವಗೂ ಮಣ್ಣೇ, ವೈನಿ. ಎಮ್ಮಿ ಹಾಲರ ಕೊಡ್ತದ.”

ಅವಳು ನಕ್ಕ ನಗು ಅಗಸಿಯ ತನಕ ಕೇಳಿಸಿರಬೇಕು.

ಯುಗಾದಿ ಬಂತು. ಮೊದಲ ಗುರುವಾರ ಬಂತು. ಊರಿನ ತಿಪ್ಪೆಗಳೆಲ್ಲ ತೆರೆದವು, ನಮ್ಮದೊಂದು ತೆರೆಯಲಿಲ್ಲ. ಕಾಕಾನ ಮೂವತ್ತು ಬಂಡಿ ಗೊಬ್ಬರ ಸುಡುಬಿಸಿಲಿನಲ್ಲಿ ಬೂದಿಬಣ್ಣಕ್ಕೆ ತಿರುಗುತ್ತ ವಾಸನೆ ಬಿಡುತ್ತಿತ್ತು. ಕಾಕಾ ದಾರಿಯಲ್ಲಿ ನನ್ನನ್ನು ತಡೆದ.

“ಅವ್ವಿ, ಗುರುವಾರ ತಪ್ಪಿಸಿದಿ. ಮಣ್ಣಾಗ ಹುಗಿಯೋದು ಹೆಣಾನ. ಗೊಬ್ಬರ ಅಲ್ಲ.”

“ಬೀಜಾನೂ ಮಣ್ಣಾಗೇ ಹುಗೀತೀವಿ ಕಾಕಾ.”

“ಬಾಯಿ ಭಾಳ ಆಗ್ಯಾದ ನಿಂದು.”

“ಹೊಲ ಸಣ್ಣದದಲ್ಲ. ಅದಕ್ಕ ಬಾಯಿ ದೊಡ್ಡದಿಟ್ಟೀನಿ.”

ಅವನು ನಗಲಿಲ್ಲ. ಅಂದಿನಿಂದ ನಮ್ಮ ಹೊಲವನ್ನು ತನ್ನದೇ ಎಂಬಂತೆ ನೋಡತೊಡಗಿದ. ಒಂದು ದಿನ ಬದುವಿನ ಮೇಲೆ ನಿಂತು, ಬದು ಕಿತ್ತು ಎರಡೂ ಹೊಲ ಕೂಡಿಸಿದರೆ ಕೂರಿಗೆ ಎಷ್ಟು ಸಲೀಸಾಗಿ ಹೋಗುತ್ತದೆಂದು ಮರೆಪ್ಪನಿಗೆ ಕೈ ಮಾಡಿ ತೋರಿಸುತ್ತಿದ್ದ. ನಾನು ನೋಡುತ್ತಿದ್ದೇನೆಂದು ಗೊತ್ತಿದ್ದೂ ಕೈ ಇಳಿಸಲಿಲ್ಲ.

ರೋಹಿಣಿ ಮಳೆ ಎರಡು ಸಲ ನೆಲ ತೋಯಿಸಿ ಹೋಯಿತು. ಅದಕ್ಕೇ ನಾನು ಕಾದಿದ್ದೆ. ಲೆಕ್ಕ ಸರಳವಾಗಿತ್ತು: ದಿನಕ್ಕೆ ಮೂರು ಬಂಡಿ, ಅದೂ ಹೊತ್ತು ಇಳಿದ ಮೇಲೆ. ಹರಡಿದ್ದನ್ನು ಹರಡಿದ ಹಾಗೆಯೇ, ಅದೇ ಸಂಜೆ ಕುಂಟೆ ಹೊಡೆದು ಮಣ್ಣಿನೊಳಗೆ ಸೇರಿಸಿಬಿಡಬೇಕು. ನಾಲ್ಕು ದಿನದಲ್ಲಿ ಎರಡೆಕರೆ. ಗುರುವಾರ ಸುರುಮಾಡಿದರೆ ಭಾನುವಾರ ಮುಗಿಯುತ್ತದೆ. ಭಾನುವಾರ ಕಾಕಾನ ಪಾಳಿ, ಆದರೂ ಅಂದು ಸಂಜೆ ಬಂದು ಮುಗಿಸಿಕೊಡುತ್ತೇನೆಂದು ಮರೆಪ್ಪ ಒಪ್ಪಿದ್ದ. ಸೋಮವಾರ ಬಸವಣ್ಣನ ವಾರ. ಅಂದು ನಮ್ಮಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ.

ಮೂರು ದಿನ ಮರೆಪ್ಪ ಹೇಳಿದಂತೆ ಮಾಡಿದ. ಕುಣಿ ತೆಗೆದಾಗ ಗೊಬ್ಬರ ಕಪ್ಪಗೆ, ಒದ್ದೆಯಾಗಿ, ಬೆಲ್ಲದ ಮುದ್ದೆಯ ಹಾಗಿತ್ತು. ನಾಲ್ಕನೆಯ ದಿನ, ಭಾನುವಾರ, ಕೊನೆಯ ಮೂರು ಬಂಡಿ ಹರಡಿ ಕುಂಟೆ ಹೂಡಿದ್ದ ಹೊತ್ತಿಗೆ ಕಾಕಾ ಬದುವಿನ ಮೇಲೆ ಬಂದು ನಿಂತ.

“ಮರೆಪ್ಪಾ, ಬಾ ಇಲ್ಲಿ. ಬಾಳಿ ತ್ವಾಟದಾಗ ಕೆಲಸದ.”

“ಇನ್ನ ಅರ್ಧ ಎಕರೆ ಅಷ್ಟೇ ಉಳದದ್ರೀ ಗೌಡ್ರ...”

“ನಾಡದು ಹೊಡಿ. ಇವತ್ತು ನನ್ನ ಪಾಳಿ.”

ಮಂಗಳವಾರ! ಹರಡಿದ ಗೊಬ್ಬರ ಇಡೀ ಸೋಮವಾರ ಬಿಸಿಲಿಗೆ ಬಾಯಿ ತೆರೆದುಕೊಂಡು ಬಿದ್ದಿರಬೇಕು. ಕಾಕಾನಿಗೆ ಇದು ಗೊತ್ತಿತ್ತು. “ಒಂದು ದಿನ ಬಿಸಲು ಉಣ್ಣಲಿ ಬಿಡು. ಸಾಯಂಗಿಲ್ಲ,” ಎಂದು ನನಗೆ ಕೇಳುವಂತೆ ಹೇಳಿದ. ಮರೆಪ್ಪ ನನ್ನ ಮುಖ ನೋಡದೆ ಬಾರುಕೋಲನ್ನು ನೆಲಕ್ಕಿಟ್ಟು ಹೋದ.

ಹೆಣ್ಣು ಕುಂಟೆ ಹಿಡಿದರೆ ಮಳೆ ಮುನಿಯುತ್ತದೆ ಎಂದು ನಮ್ಮೂರಿನಲ್ಲಿ ಕೂಸಿಗೂ ಗೊತ್ತು. ಕಳೆ ತೆಗೆಯಬಹುದು, ಕೊಯ್ಯಬಹುದು, ರಾಶಿ ತೂರಬಹುದು, ತಲೆಯ ಮೇಲೆ ಹೊರೆ ಹೊರಬಹುದು. ಕುಂಟೆಯ ಹಿಡಿಕೆ ಮಾತ್ರ ಮುಟ್ಟುವಂತಿಲ್ಲ. ಎತ್ತುಗಳು ನೊಗ ಹೊತ್ತು ನಿಂತು ನನ್ನತ್ತ ಕಿವಿ ತಿರುಗಿಸಿದವು. ಎತ್ತಿಗೆ ವಾರದಲ್ಲಿ ಒಂದು ದಿನ ಬಿಡುವು ಕೊಟ್ಟ ಕಟ್ಟಳೆಯನ್ನು ನಾನು ಮುರಿಯಲಾರೆ. ಹೆಣ್ಣಿನ ಕೈ ಕಟ್ಟಿದ ಕಟ್ಟಳೆಯನ್ನು ಮುರಿಯಬಲ್ಲೆ. ಸೂರ್ಯ ಮುಳುಗಲು ಎರಡು ಮಾರು ಉಳಿದಿತ್ತು. ಯಾವುದನ್ನು ಮುರಿಯಬೇಕೆಂದು ಯೋಚಿಸುತ್ತ ನಿಲ್ಲುವ ಹೊತ್ತೂ ಅದಲ್ಲ.

ಸೀರೆಯನ್ನು ಕಚ್ಚೆ ಕಟ್ಟಿ ಹಿಡಿಕೆಗೆ ಕೈ ಹಾಕಿದೆ.

ಬದುವಿನ ಆಚೆಯಿಂದ ಕಾಕಾ ಚೀರಿದ. “ಏ ರೇವಿ! ಬಿಡು ಅದನ್ನ! ದೊಡ್ಡವ್ವ, ನೋಡಿಲ್ಲಿ ನಿನ್ನ ಮೊಮ್ಮಗಳ ಆಟ!”

ಹುಣಸೆಮರದ ಕೆಳಗೆ ಕೂತಿದ್ದ ಆಯಿ ಸಾವಕಾಶ ಎದ್ದು ಬಂದಳು. ಒಂದು ದಪ್ಪ ಕಲ್ಲನ್ನು ಎರಡೂ ಕೈಯಲ್ಲಿ ಅವಚಿಕೊಂಡು ಕುಂಟೆಯ ದಿಂಡಿನ ಮೇಲಿಟ್ಟಳು. “ಭಾರ ಇಲ್ಲದ ಕುಂಟಿ ತೇಲ್ತದ,” ಎಂದಳು. ಆಮೇಲೆ ಎತ್ತಿನ ಮುಂದೆ ಹೋಗಿ ಹಗ್ಗ ಹಿಡಿದಳು. “ನಡೀರಪ್ಪಾ.”

ಮೊದಲ ಸಾಲು ಹಾವು ಹರಿದ ಹಾಗಾಯಿತು. ಹಿಡಿಕೆ ಕೈಯಲ್ಲಿ ಕುದುರೆಯಂತೆ ಒದೆಯುತ್ತಿತ್ತು. ಮೂರನೆಯ ಸಾಲಿಗೆ ಅಂಗೈಯಲ್ಲಿ ಬೊಬ್ಬೆ ಎದ್ದವು, ಆರನೆಯದಕ್ಕೆ ಒಡೆದವು. ಆದರೆ ಹಿಂದೆ ತಿರುಗಿ ನೋಡಿದರೆ ಕಪ್ಪು ಗೊಬ್ಬರ ಕೆಂಪು ಮಣ್ಣಿನೊಳಗೆ ಮುಳುಗಿ ಮಾಯವಾಗುತ್ತಿತ್ತು. ವಾಸನೆ ಒಂದು ಕ್ಷಣ ಏಳುತ್ತಿತ್ತು, ಮಣ್ಣು ಬಿದ್ದೊಡನೆ ಸುಮ್ಮನಾಗುತ್ತಿತ್ತು. ಕಿರಿಸೊಸೆ ಹಕ್ಕಿಯನ್ನು ಹಿಡಿದದ್ದು ಹೀಗೇ ಇರಬೇಕು. ಬಲೆಯೂ ಇಲ್ಲ, ಬಿಲ್ಲೂ ಇಲ್ಲ. ಮಗುವಿಗೆ ಕೌದಿ ಹೊದಿಸಿದ ಹಾಗೆ.

ಹೊಲದ ಮೂಡಣ ಅಂಚಿನಲ್ಲಿ ಎಂಟು ಮೊಳ ಅಗಲದ ಒಂದು ಪಟ್ಟಿ ಉಳಿದಾಗ ಕತ್ತಲಾಗಿ ಎತ್ತುಗಳು ನಿಂತುಬಿಟ್ಟವು. ಆಯಿ, “ಸಾಕು, ಅವೂ ಜೀವಾನ,” ಎಂದಳು. ಆ ಪಟ್ಟಿ ಸೋಮವಾರವಿಡೀ ಬಿಸಿಲು ಕಾಯಿತು. ಬಿಸಿಲೂ ಅಂದು ಹಟ ಹಿಡಿದ ಹಾಗೆ ಕಾಯಿತು. ಮಂಗಳವಾರ ಅದನ್ನೂ ನಾನೇ ಹೊಡೆದೆ. ಆಗಲೇ ಗೊಬ್ಬರ ಒಣಗಿ ಪುಡಿಯಾಗಿತ್ತು.

ಊರು ಸುಮ್ಮನಿರಲಿಲ್ಲ. ಕಟ್ಟೆಯ ಮೇಲಿನವರು ನಮ್ಮ ಹೊಲದತ್ತ ಮೂಗು ಹಿಡಿದು ಮೂಸಿ, “ಸತ್ತ ಗೊಬ್ಬರ, ವಾಸನಿನೇ ಇಲ್ಲ,” ಎಂದರು. ಭಾವಿಯಲ್ಲಿ ನಾಲ್ವರು ಹೆಂಗಸರು ನನ್ನ ಕೊಡ ಕಂಡು ಹಗ್ಗ ಪಕ್ಕಕ್ಕೆ ಎಳೆದುಕೊಂಡರು. ಮೃಗಶಿರ ಮಳೆ ಎಂಟು ದಿನ ತಡವಾದಾಗ ಒಬ್ಬ ಮುದುಕ ನೇರವಾಗಿ ನಮ್ಮ ಬಾಗಿಲಿಗೇ ಬಂದು ಕೇಳಿದ: “ಮಳಿ ಯಾವಾಗ ಬರ್ತದಂತ ನಿನ್ನ ಮೊಮ್ಮಗಳಿಗಿ ಕೇಳು.” ಆಯಿ ಒಳಗಿನಿಂದಲೇ ಹೇಳಿದಳು: “ಕುಂಟಿ ಹಿಡದದ್ದು ಇಕಿ ಒಬ್ಬಾಕಿ. ಮಳಿ ಬರಲಾರದ್ದು ಸುತ್ತ ಇಪ್ಪತ್ತು ಊರಿಗಿ. ಎಷ್ಟು ಉದ್ದದ ಕೈಯೋ ನನ್ನ ಕೂಸಿಂದು!” ಒಂಬತ್ತನೆಯ ದಿನ ಮಳೆ ಬಂತು. ಬಿತ್ತಿದೆವು. ಕಾಕಾನೂ ಬಿತ್ತಿದ. ನೆಲದೊಳಗಿನ ಒಂದೇ ಹಗೇವಿನಿಂದ ತೆಗೆದ ಬೀಜ.

ತೆನೆ ಹಿಡಿದ ಕಾಲಕ್ಕೆ ಪಾಟೀಲರು ಮಾತಿಗೆ ತಪ್ಪದೆ ಬಂದರು. ಹಿಂದೆ ಅರ್ಧ ಊರು. ಬದುವಿನ ಮೇಲೆ ಹತ್ತಿ ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಮತ್ತೆ ಎಡಕ್ಕೆ ನೋಡಿದರು. ಎರಡೂ ಕಡೆ ಜೋಳ ಒಂದೇ ಎತ್ತರ, ಹೆಗಲಿಗೆ ಹೆಗಲು. ತೆನೆಗಳೂ ಸಮ. ನಮ್ಮ ಎಲೆ ಒಂದು ಬಣ್ಣ ಹೆಚ್ಚೇ ಕಪ್ಪಾಗಿತ್ತು.

“ಎಷ್ಟು ಬಂಡಿ ಹಾಕಿದ್ದಿ ಅಣವೀರಪ್ಪ?”

“ಮೂವತ್ತು,” ಎಂದ ಕಾಕಾ.

“ನೀವು?”

“ಹನ್ನೆರಡ್ರಿ,” ಎಂದೆ.

ಯಾರೋ ಹಿಂದಿನಿಂದ ‘ಅಬ್ಬಬ್ಬಾ’ ಎಂದರು. ಕಾಕಾನ ಮುಖ ಬಿಗಿಯಿತು. ಅಷ್ಟರಲ್ಲಿ ಅವನ ಕಣ್ಣು ಹೊಲದ ಮೂಡಣ ಅಂಚಿಗೆ ಬಿತ್ತು. ಅಲ್ಲಿ ಎಂಟು ಮೊಳದ ಆ ಪಟ್ಟಿಯಲ್ಲಿ ಜೋಳ ಒಂದು ಮೊಳ ಗಿಡ್ಡ, ಎಲೆ ಹಳದಿ. ಅವನು ಓಡಿಹೋಗಿ ಒಂದು ದಂಟು ಕಿತ್ತು ತಂದ.

“ನೋಡ್ರಿ ಪಾಟೀಲ್ರ! ಇದೇನು ಹೆಗಲೋ, ಮೊಣಕಾಲೋ? ಇದು ಇವರ ಗೊಬ್ಬರದ ಬಂಡವಾಳ! ಉಳಿದದ್ದೆಲ್ಲಾ ನಸೀಬು!”

ನಾನು ಆ ದಂಟನ್ನು ಅವನ ಕೈಯಿಂದ ತೆಗೆದುಕೊಂಡು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ.

“ಇದು ನಮ್ಮ ಪದ್ಧತಿ ಅಲ್ಲ ಕಾಕಾ, ನಿಮ್ಮದು. ನೀವು ಮರೆಪ್ಪಗ ಕರಕೊಂಡು ಹೋದ್ರಿ ನೋಡ್ರಿ, ಅವತ್ತು ಇಷ್ಟು ಜಾಗಾ ಉಳೀತು. ಅದೇ ಕುಣಿ ಗೊಬ್ಬರ, ಅದೇ ಹೊಲ, ಅದೇ ಬೀಜ. ಒಂದೇ ಒಂದು ದಿನ ಬಿಸಲು ಉಂಡದ. ನೀವೇ ಹೇಳಿದ್ರಿ, ಒಂದು ದಿನಕ್ಕ ಸಾಯಂಗಿಲ್ಲಂತ.”

ಮರೆಪ್ಪ ತಲೆ ತಗ್ಗಿಸಿ, “ಖರೇ ಅದ್ರೀ ಪಾಟೀಲ್ರ. ಆ ಪಟ್ಟಿ ಅದೇ,” ಎಂದ. ಕಾಕಾ ಅವನನ್ನು ನುಂಗುವಂತೆ ನೋಡಿದ. ಆಮೇಲೆ ತನ್ನ ಹೊಲದ ಕಡೆ ನೋಡಿದ. ತಿಂಗಳುಗಟ್ಟಲೆ ಬಿಸಿಲು ಉಂಡ ಮೂವತ್ತು ಬಂಡಿಯನ್ನು ಮನಸ್ಸಿನಲ್ಲೇ ಮತ್ತೆ ಹೇರುತ್ತಿದ್ದನೋ ಏನೋ.

ಪಾಟೀಲರು ಬದುವಿನಿಂದ ಇಳಿದರು. “ಹೊಲ ಚಂದಮ್ಮಂದು. ಮಾತು ಮುಗೀತು,” ಎಂದರು. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಾಟೀಲರು ಮೀಸೆಗೆ ಕೈ ಹಾಕಿದರು. “ಆದ್ರ ಹೆಣ್ಣು ಕುಂಟಿ ಹಿಡದದ್ದು ತಪ್ಪು. ಊರು ನನಗ ಕೇಳ್ತದ. ಬಸವಣ್ಣಗ ನೂರಾ ಒಂದು ಕೊಡ ನೀರು ಹಾಕಿ ತಪ್ಪಾತಂತ ಬೇಡಕೋ.”

ಬೊಬ್ಬೆ ಒಡೆದು ಗಟ್ಟಿಯಾಗಿದ್ದ ಅಂಗೈಗಳನ್ನು ನಾನು ಒಂದಕ್ಕೊಂದು ಉಜ್ಜಿಕೊಂಡೆ.

“ಇನ್ನೂರಾ ಎರಡು ಹಾಕ್ತೀನ್ರಿ ಪಾಟೀಲ್ರ.”

“ಯಾಕ?”

“ಬರೋ ವರ್ಷನೂ ಕುಂಟಿ ಹಿಡಿಯಾಕಿ ನಾನೇ. ಮತ್ತೊಮ್ಮಿ ನಿಮಗ್ಯಾಕ ಇಲ್ಲಿ ತನಕ ನಡಿಯೋ ತ್ರಾಸ?”

ಗುಂಪಿನಲ್ಲಿ ಒಬ್ಬರ ನಗು ಒಡೆಯಿತು, ಆಮೇಲೆ ಮೂರ್ನಾಲ್ಕು. ಪಾಟೀಲರು ಮೀಸೆಯ ಹಿಂದೆ ಏನನ್ನೋ ಅಡಗಿಸಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ಭಾವಿಯಿಂದ ಬಸವಣ್ಣನ ಗುಡಿಗೆ ಹೊರತೊಡಗಿದೆ. ಕಲ್ಲಿನ ಬಸವಣ್ಣ ಒಂದೊಂದು ಕೊಡಕ್ಕೂ ಮಿರುಗುತ್ತಿದ್ದ. ತಪ್ಪಾಯಿತು ಎಂದು ಬೇಡಿಕೊಳ್ಳಲಿಲ್ಲ. ಸೋಮವಾರ ನಿನ್ನ ಹೆಗಲು ಮುಟ್ಟಲಿಲ್ಲವಲ್ಲ, ನಮ್ಮಿಬ್ಬರ ಲೆಕ್ಕ ಸರಿಯಿದೆ ಎಂದಷ್ಟೇ ಹೇಳಿದೆ. ಅರವತ್ತು ಮುಗಿಯುವ ಹೊತ್ತಿಗೆ ನಡು ಬಿದ್ದುಹೋಗಿತ್ತು. ಭಾವಿಯ ಕಟ್ಟೆಯ ಮೇಲೆ ಕೊಡ ಇಟ್ಟು ನಿಂತೆ. ಪಕ್ಕದಲ್ಲಿ ಇನ್ನೊಂದು ಕೊಡ ಬಂದು ಕೂತಿತು. ಭೀಮಬಾಯಿ.

“ಸರಿ ಅತ್ಲಾಗ,” ಎಂದು ಹಗ್ಗ ಇಳಿಬಿಟ್ಟಳು. “ನಂದೂ ಒಂದು ನೂರಾ ಒಂದು ಹಾಕಿ ಇಡ್ತೀನಿ.”

“ನೀವು ಏನ್ ತಪ್ಪು ಮಾಡೀರಿ ವೈನಿ?”

“ಇನ್ನಾ ಮಾಡಿಲ್ಲ,” ಎಂದು ಕೊಡ ಎಳೆದಳು ಭೀಮಬಾಯಿ. “ಬರೋ ಬ್ಯಾಸಗಿ ಮುಗೀಲಿ. ಕುಂಟಿ ಹೆಂಗ ಹಿಡೀತಾರ, ಮೊದಲು ಅದನ್ನ ಹೇಳು.”